ರಾಮದೇವರಬೆಟ್ಟದ ಜಮಾ-ಖರ್ಚು

‘ಶೋಲೆ’ ಹಿಂದಿ ಚಿತ್ರಕ್ಕೆ ಬಿದ್ದ ಖರ್ಚು ಸುಮಾರು 3 ಕೋಟಿ ರೂಪಾಯಿ. ಇದರಲ್ಲಿ ಹೆಚ್ಚು ತಕರಾರಿಲ್ಲ. ಬಂದದ್ದೆಷ್ಟು ಎಂದು ಕೇಳಿದರೆ ಮಾತ್ರ ಒಬ್ಬರು 15 ಕೋಟಿ ಎನ್ನುತ್ತಾರೆ, ಇನ್ನೊಬ್ಬರು 35 ಕೋಟಿ ಎನ್ನುತ್ತಾರೆ. ತೆರಿಗೆ ಕಳೆದ ಲೆಕ್ಕವೋ ಸೇರಿಸಿದ ಲೆಕ್ಕವೋ, ಮೊದಲ ಓಟದ್ದೋ ಮರುಬಿಡುಗಡೆಗಳನ್ನೂ ಕೂಡಿಸಿದ್ದೋ ಎಂಬುದನ್ನು ಬಹಳಷ್ಟು ಬರಹಗಳು ಹೇಳುವುದೇ ಇಲ್ಲ. ದೇಶದಲ್ಲಿ ಅತಿ ಹೆಚ್ಚು ಚರ್ಚೆಯಾದ ಚಿತ್ರದ ಗತಿಯೇ ಇದಾದರೆ, ಇವತ್ತು ಪೋಸ್ಟರಿನ ಮೇಲೆ ಅಚ್ಚಾಗುವ ಕೋಟಿಗಳನ್ನು ಯಾವ ಧೈರ್ಯದಿಂದ ನಂಬುವುದು? ‘ಬಜೆಟ್ ಇಷ್ಟು, ಕಲೆಕ್ಷನ್ ಇಷ್ಟು, ಆದ್ದರಿಂದ ಲಾಭ ಇಷ್ಟು’ ಎಂಬ ಸರಳ ವ್ಯವಕಲನ ನಮ್ಮ ಸಿನಿಮಾ ಮಾತುಕತೆಯನ್ನು ಆವರಿಸಿಕೊಂಡಿದೆ. ಆ ಲೆಕ್ಕ ತಪ್ಪು, ಅಷ್ಟೇ ಅಲ್ಲ ಅನ್ಯಾಯದ್ದೂ ಹೌದು ಎಂಬುದನ್ನು ಆ ಚಿತ್ರ ತೆಗೆದ ರಾಮನಗರದ ಬಂಡೆಗಳ ನಡುವೆ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ.

ಮೊದಲು ಖರ್ಚಿನ ಕಡೆ ನೋಡೋಣ. ‘ಶೋಲೆ’ಗೆ ಆರಂಭದಲ್ಲಿ ಅಂದಾಜು ಮಾಡಿದ್ದು ಒಂದು ಕೋಟಿ. ಅದು ಮೂರು ಪಟ್ಟಾಯಿತು. ಹೆಚ್ಚಿದ ಹಣ ತಾರೆಯರ ಸಂಭಾವನೆಗೆ ಹೋಗಲಿಲ್ಲ. ಇಡೀ ತಾರಾಗಣಕ್ಕೆ ಕೊಟ್ಟದ್ದು ಸುಮಾರು 20 ಲಕ್ಷ. ಉಳಿದದ್ದೆಲ್ಲ ದಿನಗಳಿಗೆ ಹೋಯಿತು. 1973ರ ಅಕ್ಟೋಬರ್ 3ರಂದು ರಾಮನಗರದ ರಾಮದೇವರಬೆಟ್ಟದ ಬುಡದಲ್ಲಿ ಶುರುವಾದ ಚಿತ್ರೀಕರಣ ಒಂದು ವರ್ಷಕ್ಕೂ ಮೀರಿ ಎಳೆಯಿತು. ಕಲಾ ನಿರ್ದೇಶಕ ರಾಮ್ ಯಡೇಕರ್ ಅಲ್ಲಿ ಒಂದು ಊರನ್ನೇ ಕಟ್ಟಿದರು. ಹೆದ್ದಾರಿಯಿಂದ ಸೆಟ್ಟಿನವರೆಗೆ ರಸ್ತೆ ಹಾಕಿಸಿದರು. ವಿಧವೆ ರಾಧಾ ದೀಪ ಹಚ್ಚುವ, ನಾಯಕರಲ್ಲೊಬ್ಬನಾದ ಜೈ ಕೆಳಗೆ ಕೂತು ಮೌತ್ ಆರ್ಗನ್ ನುಡಿಸುವ ಆ ಎರಡು ಪುಟ್ಟ ದೃಶ್ಯಗಳಿಗೆ ಛಾಯಾಗ್ರಾಹಕ ದ್ವಾರಕಾ ದಿವೇಚಾ 20 ದಿನ ತೆಗೆದುಕೊಂಡರು. ಹೊತ್ತು ಮುಳುಗುವ ಆ ಕೆಲವೇ ನಿಮಿಷಗಳ ಬೆಳಕಿಗಾಗಿ ಕಾದು ಕಾದು ಮುಗಿಸಿದರು. ಇಮಾಮರ ಮಗನನ್ನು ಡಕಾಯಿತ ಗಬ್ಬರ್ ಕೊಲ್ಲುವ ದೃಶ್ಯಕ್ಕೆ 19 ದಿನ. ರೈಲು ದರೋಡೆಗೆ ಏಳು ವಾರಕ್ಕೂ ಹೆಚ್ಚು, ಅದು ನಡೆದದ್ದು ಮುಂಬೈ-ಪುಣೆ ಹಳಿಯ ಮೇಲೆ, ಪನ್ವೇಲಿನ ಹತ್ತಿರ.

ಬಜೆಟ್ಟನ್ನು ಹೀಗೆ ದಿನಗಳಾಗಿ ಬಿಡಿಸಿ ಓದಿದಾಗ ಮಾತ್ರ ಅದು ವಿಮರ್ಶೆಗೆ ಉಪಯೋಗಕ್ಕೆ ಬರುತ್ತದೆ. ದೀಪದ ದೃಶ್ಯ ಇಂದಿಗೂ ನಮ್ಮನ್ನು ತಡೆದು ನಿಲ್ಲಿಸುತ್ತದೆ ಎಂದರೆ ಆ 20 ದಿನಗಳ ಖರ್ಚು ತೆರೆಯ ಮೇಲೆ ಇದೆ ಎಂದರ್ಥ. ಈಗ ನೂರಾರು ಕೋಟಿಯ ಚಿತ್ರಗಳು ಬರುತ್ತವೆ. ಅದರಲ್ಲಿ ನಾಯಕನ ಪಾಲು ಎಷ್ಟು, ಪ್ರಚಾರದ ಪಾಲು ಎಷ್ಟು, ಕತೆಗೂ ಕಾಯುವಿಕೆಗೂ ಉಳಿದದ್ದೆಷ್ಟು ಎಂದು ಯಾರೂ ಕೇಳುವುದಿಲ್ಲ. ಒಟ್ಟು ಮೊತ್ತ ಕೇಳಿ ಬೆರಗಾಗುತ್ತೇವೆ.

ಆದಾಯದ ಕಡೆಯ ಲೆಕ್ಕ ಇನ್ನೂ ಮಬ್ಬು. ಗಲ್ಲಾಪೆಟ್ಟಿಗೆಗೆ ಬಿದ್ದ ಹಣ ನಿರ್ಮಾಪಕನ ಜೇಬಿಗೆ ಹೋಗುವ ಹಣವಲ್ಲ. ಅಂದು ಮನರಂಜನಾ ತೆರಿಗೆ, 2017ರಿಂದ ಜಿಎಸ್‌ಟಿ. ಆಮೇಲೆ ಚಿತ್ರಮಂದಿರದ ಬಾಡಿಗೆ ಅಥವಾ ಪಾಲು. ಆಮೇಲೆ ವಿತರಕನ ಖರ್ಚು ಮತ್ತು ಕಮಿಷನ್. ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ‘ಗ್ರಾಸ್’ ಬೇರೆ, ‘ಶೇರ್’ ಬೇರೆ. ರಾಜ್ಯವನ್ನು ಬಿಕೆಟಿ (ಬೆಂಗಳೂರು-ಕೋಲಾರ-ತುಮಕೂರು) ಮುಂತಾದ ವಲಯಗಳಾಗಿ ಹಂಚಿ ಮಾರುವ ಪದ್ಧತಿಯಲ್ಲಿ ಹಕ್ಕನ್ನು ಔಟ್‌ರೈಟ್ ಕೊಟ್ಟುಬಿಟ್ಟ ನಿರ್ಮಾಪಕನಿಗೆ ಚಿತ್ರ ನೂರು ದಿನ ಓಡಿದರೂ ಮೂರು ದಿನಕ್ಕೆ ಬಿದ್ದರೂ ಸಿಕ್ಕುವುದು ಅಷ್ಟೇ. ಲಾಭವೂ ನಷ್ಟವೂ ವಿತರಕನದು. ಕರ್ನಾಟಕದ ಬಹುತೇಕ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ಪದ್ಧತಿ ಬಹುಕಾಲ ನಡೆದುಬಂತು. ಜನ ಬರಲಿ ಬಿಡಲಿ ಬಾಡಿಗೆ ಕೊಡಲೇಬೇಕು. ಸಣ್ಣ ಕನ್ನಡ ಚಿತ್ರ ಸೋಮವಾರವೇ ಎತ್ತಂಗಡಿಯಾಗಲು ಪ್ರೇಕ್ಷಕರ ನಿರಾಸಕ್ತಿಯಷ್ಟೇ ಈ ಬಾಡಿಗೆಯೂ ಕಾರಣ. ಶೇಕಡಾವಾರು ಪದ್ಧತಿ ಬೇಕೆಂದು ನಿರ್ಮಾಪಕರು ಹೋರಾಡಿದ್ದು ಇದಕ್ಕೇ. ‘50 ಕೋಟಿ ಗಳಿಕೆ’ ಎಂಬ ಸುದ್ದಿಯಲ್ಲಿ ಈ ಯಾವ ಮೆಟ್ಟಿಲೂ ಕಾಣುವುದಿಲ್ಲ.

‘ಶೋಲೆ’ ಮೊದಲ ವಾರಗಳಲ್ಲಿ ತಣ್ಣಗಿತ್ತು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರ ಸೋತಿತು ಎಂದೇ ವ್ಯಾಪಾರಿಗಳು ತೀರ್ಮಾನಿಸಿದ್ದರು. ಕ್ಲೈಮ್ಯಾಕ್ಸ್ ಬದಲಿಸಿ ಜೈಯನ್ನು ಬದುಕಿಸೋಣವೇ ಎಂಬ ಯೋಚನೆಯೂ ನಡೆದಿತ್ತು. ಇಂದಿನ ‘ಮೊದಲ ವಾರಾಂತ್ಯ’ದ ತಕ್ಕಡಿಯಲ್ಲಿ ತೂಗಿದ್ದರೆ ಅದನ್ನು ಎರಡನೇ ಶುಕ್ರವಾರವೇ ತೆಗೆದುಹಾಕುತ್ತಿದ್ದರು. ಅದೇ ಚಿತ್ರ ಮುಂಬೈಯ ಮಿನರ್ವದಲ್ಲಿ 5 ವರ್ಷ ಓಡಿತು, ದೇಶದ ನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬೆಳ್ಳಿಹಬ್ಬ ಆಚರಿಸಿತು. ಕಾಲವನ್ನು ಹೊರಗಿಟ್ಟ ಯಾವ ಗಳಿಕೆಯ ಪಟ್ಟಿಯೂ ಚಿತ್ರದ ಬೆಲೆ ಹೇಳಲಾರದು.

ಚಿತ್ರವನ್ನು ಮನೆಗೆ ಒಯ್ಯುವ ವ್ಯಾಪಾರವೂ ಈ ಚಿತ್ರದಿಂದಲೇ ಒಂದು ಹೊಸ ದಾರಿ ಕಂಡಿತು. ಪ್ರೇಕ್ಷಕರು ಹಾಡಿಗಿಂತ ಮಾತಿಗೆ ಮರುಳಾಗಿದ್ದಾರೆ ಎಂದು ಗುರುತಿಸಿದ ಪಾಲಿಡಾರ್ ಕಂಪನಿ ಸಂಭಾಷಣೆಗಳದ್ದೇ ರೆಕಾರ್ಡ್ ಹೊರತಂದಿತು. ವಿಸಿಆರ್ ಇಲ್ಲದ ಕಾಲದ ಹೋಂ ವಿಡಿಯೋ ಅದು ಎಂದೇ ನಾನು ತಿಳಿಯುತ್ತೇನೆ. ಹಿಂದಿ ಬಾರದ ಊರುಗಳಲ್ಲೂ ಮೈಕ್‌ಸೆಟ್ಟಿನಲ್ಲಿ ಗಬ್ಬರ್ ಗುಡುಗಿದ. ಪಕ್ಕದ ಬೆಟ್ಟದ ಮೇಲೆ ಆಡಿದ ಮಾತು ಮುಂಬೈಯಲ್ಲಿ ಅಚ್ಚಾಗಿ, ಪ್ಲೇಟಾಗಿ, ನಮ್ಮದೇ ಗಣಪತಿ ಪೆಂಡಾಲಿಗೆ ಮರಳಿ ಬಂತು.

ಇನ್ನು ಹತ್ತು ವರ್ಷ ಮುಂದೆ ಬನ್ನಿ. ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ನಿರ್ದೇಶಕ ಡೇವಿಡ್ ಲೀನ್ ಇ. ಎಂ. ಫಾರ್ಸ್ಟರ್ ಕಾದಂಬರಿಯೊಂದನ್ನು ಚಿತ್ರ ಮಾಡಲು ಬಂದರು. ಆ ಕಾದಂಬರಿಯ ‘ಮರಾಬಾರ್’ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಬೆಟ್ಟಗಳು ಅವರ ಕಣ್ಣಿಗೆ ಸಪ್ಪೆ ಎನಿಸಿದ್ದವು. 1226 ಮೀಟರ್ ಎತ್ತರದ ಸಾವನದುರ್ಗ, ಜೊತೆಗೆ ರಾಮದೇವರಬೆಟ್ಟ, ಎರಡೂ ಅವರಿಗೆ ಹಿಡಿಸಿದವು. ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿದರು. ‘ಎ ಪ್ಯಾಸೇಜ್ ಟು ಇಂಡಿಯಾ’ 1984ರಲ್ಲಿ ತೆರೆಕಂಡು 11 ಆಸ್ಕರ್ ನಾಮನಿರ್ದೇಶನ ಪಡೆಯಿತು. ಪೆಗ್ಗಿ ಆಶ್‌ಕ್ರಾಫ್ಟ್ ಮತ್ತು ಸಂಗೀತಗಾರ ಮೊರಿಸ್ ಜಾರ್ ಪ್ರಶಸ್ತಿ ಗೆದ್ದರು. ಖರ್ಚು ಸುಮಾರು 1.6 ಕೋಟಿ ಡಾಲರ್, ಅಮೆರಿಕದ ಚಿತ್ರಮಂದಿರಗಳ ಗಳಿಕೆ ಸುಮಾರು 2.7 ಕೋಟಿ ಡಾಲರ್.

ನಮ್ಮ ಸರಳ ವ್ಯವಕಲನದ ಪ್ರಕಾರ 1.1 ಕೋಟಿ ಡಾಲರ್ ಲಾಭ. ಚಿತ್ರಮಂದಿರಗಳು ಸರಿಸುಮಾರು ಅರ್ಧ ಇಟ್ಟುಕೊಳ್ಳುತ್ತವೆ ಎಂಬುದನ್ನು ನೆನೆದರೆ ಅಮೆರಿಕದ ಆ ಗಳಿಕೆಯೊಂದರಿಂದ ಅಸಲೂ ಹುಟ್ಟಲಿಲ್ಲ. ಆದರೂ ಈ ಚಿತ್ರ ಆಗಿದ್ದು ಹೇಗೆಂದರೆ, ನಿರ್ಮಾಪಕರಾದ ಜಾನ್ ಬ್ರೇಬೋರ್ನ್ ಮತ್ತು ರಿಚರ್ಡ್ ಗುಡ್‌ವಿನ್ ಹಕ್ಕುಗಳನ್ನು ಮೊದಲೇ ಹಂಚಿ ಮಾರಿ ಬಂಡವಾಳ ಹೊಂದಿಸಿದರು. ಅದರಲ್ಲಿ ಒಂದು ಪಾಲು ಅಮೆರಿಕದ ಕೇಬಲ್ ವಾಹಿನಿ ಎಚ್‌ಬಿಒದಿಂದ, ಮನೆಯಲ್ಲಿ ಕೂತು ನೋಡುವವರ ಹೆಸರಿನಲ್ಲಿ ಮುಂಗಡವಾಗಿ ಬಂತು. ಒಂದೇ ಬಂಡೆಸಾಲಿನಲ್ಲಿ ಎರಡು ಅರ್ಥಶಾಸ್ತ್ರಗಳಿವೆ: ‘ಶೋಲೆ’ಯದು ಟಿಕೆಟ್ಟಿನ ಸಾಲಿನಲ್ಲಿ ನಿಂತ ಜನ ವರ್ಷಗಟ್ಟಲೆ ಕೊಟ್ಟ ಚಿಲ್ಲರೆ ಹಣ; ಲೀನ್ ಚಿತ್ರದ್ದು ಕ್ಯಾಮೆರಾ ಓಡುವ ಮೊದಲೇ ಕೈಗೆ ಬಂದ ಇಡಿಗಂಟು. ಇವತ್ತಿನ ಓಟಿಟಿ ವ್ಯವಹಾರ ಎರಡನೆಯದರ ವಂಶ.

ನಮ್ಮಲ್ಲಿ ಹೋಂ ವಿಡಿಯೋ ನಿರ್ಮಾಪಕನಿಗೆ ಹಣ ತಂದದ್ದು ಕಡಿಮೆ. ಎಂಬತ್ತರ ದಶಕದಲ್ಲಿ ಟಿವಿ-ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ನೋಡಿದ ಮನೆಗಳು ಚನ್ನಪಟ್ಟಣ, ಕನಕಪುರದ ಕಡೆಯೂ ಇದ್ದವು, ರಾಜ್ಯದೆಲ್ಲೆಡೆ ಇದ್ದವು. ಆ ಬಾಡಿಗೆಯಲ್ಲಿ ಬಹುಪಾಲು ಚಿತ್ರ ಮಾಡಿದವರನ್ನು ಮುಟ್ಟಲೇ ಇಲ್ಲ. 2007ರ ಹೊತ್ತಿಗೆ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಇಳಿಸಿ ಕಳ್ಳಪ್ರತಿಗಳ ಜೊತೆ ನೇರ ಸ್ಪರ್ಧೆಗಿಳಿಯಿತು. ಒಳ್ಳೆಯ ಯತ್ನ, ಆದರೆ ಅಂತರ್ಜಾಲ ಆ ತಟ್ಟೆಗಳನ್ನೇ ನುಂಗಿತು. ಈಗ ಓಟಿಟಿ ದರ ಹೇಳುವ ಕಂಪನಿಗಳು ಕನ್ನಡದ ವಿಷಯದಲ್ಲಿ ಕೈ ಬಿಗಿಹಿಡಿದಿವೆ. ರಕ್ಷಿತ್ ಶೆಟ್ಟಿ ತಂಡ ‘ಏಕಂ’ ಸರಣಿಯನ್ನು 2024ರಲ್ಲಿ ತನ್ನದೇ ವೇದಿಕೆ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ಅಂಥ ಸಾಹಸ ಎಲ್ಲರಿಂದ ಆಗುವುದಲ್ಲ. ಚಿತ್ರಮಂದಿರದ ಬಾಡಿಗೆಯೂ ಹುಟ್ಟದ, ಡಿಜಿಟಲ್ ಹಕ್ಕೂ ಮಾರದ ಕನ್ನಡ ಚಿತ್ರದ ಎದುರು ‘ಬಜೆಟ್-ಕಲೆಕ್ಷನ್’ ಪಟ್ಟಿ ಹಿಡಿಯುವುದು ನನಗೆ ನೋವು ಕೊಡುತ್ತದೆ.

‘ಶೋಲೆ’ಯ ಬಾಲ ಮಾತ್ರ ಉದ್ದವಾಗುತ್ತಲೇ ಇದೆ. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಕತ್ತರಿಸಿದ್ದ ಮೂಲ ಆವೃತ್ತಿ 1990ರಲ್ಲಿ ಬ್ರಿಟನ್ನಿನಲ್ಲಿ ವಿಎಚ್‌ಎಸ್ ಆಗಿ ಬಂತು, ಆಮೇಲೆ ಡಿವಿಡಿ. 2014ರ ಜನವರಿಯಲ್ಲಿ 3ಡಿ. ಆ ರೂಪಾಂತರಕ್ಕೇ 25 ಕೋಟಿ ಆಯಿತೆಂದು ಆಗಿನ ವರದಿಗಳು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಶುದ್ಧಗೊಳಿಸಿದ 4ಕೆ ಪ್ರತಿ 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆಕಂಡಿತು. 2022ರಲ್ಲಿ ದೆಹಲಿ ಹೈಕೋರ್ಟ್ ‘ಶೋಲೆ’ ಎಂಬ ಹೆಸರನ್ನು ಅಂತರ್ಜಾಲ ತಾಣಕ್ಕೆ ಬಳಸಿದವರಿಗೆ 25 ಲಕ್ಷ ರೂಪಾಯಿ ತೆರಬೇಕೆಂದು ಆದೇಶಿಸಿತು. ಹೆಸರಿಗೂ ಬೆಲೆ ಇದೆ, ಅದಕ್ಕೊಬ್ಬ ಒಡೆಯನಿದ್ದಾನೆ. 3ಡಿ ಬಂದಾಗ ಚಿತ್ರಕಥೆ ಬರೆದ ಸಲೀಂ-ಜಾವೇದ್ ತಮ್ಮ ಹಕ್ಕು ಕೇಳಿದರು, ನ್ಯಾಯವಾಗಿಯೇ ಕೇಳಿದರು. 2012ರ ಕೃತಿಸ್ವಾಮ್ಯ ತಿದ್ದುಪಡಿ ಲೇಖಕರಿಗೂ ಸಂಗೀತ ನಿರ್ದೇಶಕರಿಗೂ ಮುಂದಿನ ಗಳಿಕೆಯಲ್ಲಿ ಪಾಲು ಉಂಟೆಂದು ಒಪ್ಪಿತು.

‘ಶೋಲೆ’ಯ ಈ ಎಲ್ಲ ಲೆಕ್ಕದಲ್ಲಿ ರಾಮನಗರ ಬರುವುದು ಖರ್ಚಿನ ಅಂಕಣದಲ್ಲಿ ಮಾತ್ರ: ಕೂಲಿ, ಮರಮುಟ್ಟು, ರಸ್ತೆ, ಜನಜಂಗುಳಿಯ ದೃಶ್ಯಗಳಿಗೆ ಬಂದವರ ದಿನದ ಭತ್ಯೆ. 1975ರಲ್ಲೇ ಆ ಅಂಕಣ ಮುಚ್ಚಿತು. ಊರಿನ ಒಂದು ಭಾಗಕ್ಕೆ ಕೆಲಕಾಲ ಚಿತ್ರದ ನಿರ್ದೇಶಕರ ನೆನಪಿನಲ್ಲಿ ‘ಸಿಪ್ಪಿನಗರ’ ಎಂಬ ಹೆಸರು ಉಳಿಯಿತು. ಚಿತ್ರದೊಳಗೆ ಆ ಊರು ‘ರಾಮ್‌ಗಢ’ವಾಗಿ ಉತ್ತರದೇಶದ್ದಾಯಿತು. ಇದೇ ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತಂದ ರೈತನಿಗೆ ಅಂದಿನ ಹರಾಜಿನ ದರ ಸಿಗುತ್ತದೆ. ಅದು ಸೀರೆಯಾಗಿ ಎಷ್ಟಕ್ಕೆ ಮಾರಿದರೂ ಅವನಿಗೆ ಸಂಬಂಧವಿಲ್ಲ. ಆದರೆ ಅಲ್ಲಿ ಗೂಡು ಪ್ರತಿ ಬೆಳೆಗೂ ಹೊಸದು, ಹಣವೂ ಹೊಸದಾಗಿ ಬರುತ್ತದೆ. ಬೆಟ್ಟದ ಚಿತ್ರವನ್ನು ಒಮ್ಮೆ ತೆಗೆದುಕೊಂಡು ಐವತ್ತು ವರ್ಷ ಮಾರಬಹುದು.

ಚಿತ್ರದ ಸೊಬಗಿನಲ್ಲಿ ಈ ಬಂಡೆಗಳ ಪಾಲು ಕಡಿಮೆ ಏನಲ್ಲ. ಗಬ್ಬರ್ ಬೂಟುಗಾಲಲ್ಲಿ ಅತ್ತಿತ್ತ ನಡೆಯುವ ಆ ಬಂಡೆಹಾಸು ಇಲ್ಲದೆ ಅವನ ಭಯ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. 70 ಎಂಎಂ ಪರದೆಯನ್ನು ತುಂಬಿದ್ದು ನಟರಷ್ಟೇ ಈ ಕಲ್ಲುಗಳು. ಸರ್ಕಾರ ಇಂದಿಗೂ ಹೊರಾಂಗಣ ಚಿತ್ರೀಕರಣಕ್ಕೆ ದಿನಕ್ಕಿಷ್ಟು ಎಂದು ಶುಲ್ಕ ಪಡೆದು ಸುಮ್ಮನಾಗುತ್ತದೆ. ಸಾರ್ವಜನಿಕ ಭೂಮಿಯಲ್ಲಿ ತೆಗೆದ ಚಿತ್ರದ ಉಪಗ್ರಹ, ಡಿಜಿಟಲ್, ಮರುಬಿಡುಗಡೆ ಹಕ್ಕುಗಳು ಮಾರಾಟವಾದಾಗ ಸಣ್ಣದೊಂದು ಶೇಕಡಾ ಆ ಸ್ಥಳಕ್ಕೆ ಹೋಗಬೇಕು ಎಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಬಹುದು. ಸಣ್ಣ ಬಜೆಟ್ಟಿನ ಕನ್ನಡ ಚಿತ್ರಗಳಿಗೆ ವಿನಾಯಿತಿ ಇರಲಿ, ಇಂತಿಷ್ಟು ಕೋಟಿ ದಾಟಿದವರಿಗೆ ಮಾತ್ರ ಅನ್ವಯಿಸಲಿ. ಹಣ ಯಾರಿಗೆ ಎಂಬ ಪ್ರಶ್ನೆಗೂ ರಾಮದೇವರಬೆಟ್ಟದಲ್ಲಿ ಉತ್ತರ ಸಿದ್ಧವಿದೆ. 2012ರಿಂದ ಅದು ರಣಹದ್ದು ಧಾಮ; ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಕಡಿದಾದ ಬಂಡೆಗಳ ಕಾವಲಿಗೆ, ಜಾನುವಾರುಗಳಿಗೆ ಕೊಡುವ ಡೈಕ್ಲೋಫಿನಾಕ್ ಔಷಧಿ ಆ ಹಕ್ಕಿಗಳಿಗೆ ವಿಷವಾಗುತ್ತದೆಂದು ಸುತ್ತಲ ಹಳ್ಳಿಗಳಿಗೆ ತಿಳಿಸುವ ಕೆಲಸಕ್ಕೆ ಪ್ರತಿ ವರ್ಷ ದುಡ್ಡು ಬೇಕೇ ಬೇಕು.