ಮರಳಿ ಪಡೆಯುವುದೆಂದರೆ ಏನನ್ನು?

2020ರ ಜನವರಿ 31ರ ರಾತ್ರಿ ಲಂಡನ್ನಿನ ಸಂಸತ್ ಭವನದೆದುರಿನ ಚೌಕದಲ್ಲಿ ಬಾವುಟ ಹಿಡಿದ ಜನ ಸೇರಿದ್ದರು. ನಲವತ್ತೇಳು ವರ್ಷಗಳ ನಂಟು ಕಡಿದುಕೊಂಡು ಬ್ರಿಟನ್ ದೇಶವು ಯುರೋಪಿಯನ್ ಒಕ್ಕೂಟದಿಂದ ಹೊರಬೀಳುವ ಗಳಿಗೆ ಅದು. ಬಿಗ್ ಬೆನ್ ಗೋಪುರ ದುರಸ್ತಿಯಲ್ಲಿತ್ತು; ಹಾಗಾಗಿ ಅದರ ಗಂಟೆಯ ಧ್ವನಿಮುದ್ರಣವನ್ನೇ ಜನರಿಗೆ ಕೇಳಿಸಲಾಯಿತು. ಗಂಟೆ ಹೊಡೆದದ್ದು ಹನ್ನೆರಡಕ್ಕಲ್ಲ, ಹನ್ನೊಂದಕ್ಕೆ. ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಆಗ ನಡುರಾತ್ರಿ. ಬ್ರಸೆಲ್ಸ್‌ನ ಹಿಡಿತದಿಂದ ಪಾರಾದೆವೆಂದು ಹಿಗ್ಗಿದವರು ಆ ಹಿಗ್ಗಿನ ಮುಹೂರ್ತವನ್ನೂ ಬ್ರಸೆಲ್ಸ್‌ನ ಗಡಿಯಾರ ನೋಡಿಯೇ ಇಟ್ಟುಕೊಳ್ಳಬೇಕಾಯಿತು.

ಇದನ್ನು ಕಂಡು ನಗುವುದು ಸುಲಭ. ಆದರೆ ಆ ಚೌಕದಲ್ಲಿದ್ದವರ ಹಿಂದೆ ಮೂರೂವರೆ ವರ್ಷಗಳ ಹತಾಶೆಯಿತ್ತು ಎಂಬುದನ್ನು ನಾವು ಮರೆಯಬಾರದು. ಆ ಹತಾಶೆಯನ್ನು ಬ್ರಿಟನ್ನಿನ ಬರಹಗಾರರು ಹೇಗೆ ಕಂಡರು, ಯಾರ ಸಿಟ್ಟಿಗೆ ಅವರ ಪುಟಗಳಲ್ಲಿ ಜಾಗ ಸಿಕ್ಕಿತು, ಯಾರ ಸಿಟ್ಟು ಹೊರಗುಳಿಯಿತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಕೆಲವು ಕೃತಿಗಳನ್ನು ಇಲ್ಲಿ ನೋಡಬೇಕೆಂದಿದ್ದೇವೆ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ. 51.9ರಷ್ಟು ಮಂದಿ ಹೊರಹೋಗೋಣ ಎಂದರು, ಶೇ. 48.1ರಷ್ಟು ಮಂದಿ ಉಳಿಯೋಣ ಎಂದರು. ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳ ಬಹುಮತ ಉಳಿಯುವ ಕಡೆಗಿತ್ತು. ಪ್ರಧಾನಿ ತೆರೇಸಾ ಮೇ ಮಾತುಕತೆ ನಡೆಸಿ 2018ರ ನವೆಂಬರಿನಲ್ಲಿ 585 ಪುಟಗಳ ಒಪ್ಪಂದವೊಂದನ್ನು ತಂದರು. 2019ರ ಜನವರಿ 15ರಂದು ಕೆಳಮನೆ ಅದನ್ನು 230 ಮತಗಳ ಅಂತರದಿಂದ ತಿರಸ್ಕರಿಸಿತು. ಮಾರ್ಚ್ 12ರಂದು ಮತ್ತೆ ತಿರಸ್ಕರಿಸಿತು. ದೇಶ ಹೊರಹೋಗಬೇಕೆಂದು ಗೊತ್ತುಮಾಡಿದ್ದ ದಿನವಾದ ಮಾರ್ಚ್ 29ರಂದು ಮೂರನೆಯ ಸಲ ತಿರಸ್ಕರಿಸಿತು. ಆ ದಿನ ಸಂಸತ್ತಿನ ಹೊರಗೆ ಸೇರಿದ್ದವರು ‘ನಮ್ಮ ಓಟಿಗೆ ಮೋಸವಾಯಿತು’ ಎಂದು ಕೂಗುತ್ತಿದ್ದರು. ಅದಕ್ಕೆ ಆರು ದಿನ ಮೊದಲು ಲಂಡನ್ನಿನಲ್ಲಿ ಲಕ್ಷಾಂತರ ಮಂದಿ ‘ಮತ್ತೊಮ್ಮೆ ನಮ್ಮನ್ನು ಕೇಳಿ’ ಎಂದು ಮೆರವಣಿಗೆ ನಡೆಸಿದ್ದರು. ಹೊರಹೋಗುವುದನ್ನೇ ಕೈಬಿಡಿ ಎಂಬ ಮನವಿಗೆ ಅರವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಒಂದೇ ಒಪ್ಪಂದ ಹೊರಹೋಗಬೇಕೆಂದವರಿಗೆ ಶರಣಾಗತಿಯಾಗಿಯೂ ಉಳಿಯಬೇಕೆಂದವರಿಗೆ ಸ್ವಂತ ಕೈಯಿಂದ ಮಾಡಿಕೊಂಡ ಗಾಯವಾಗಿಯೂ ಕಂಡಿತು.

ಹೀಗೇಕಾಯಿತು ಎನ್ನುವುದಕ್ಕೆ ನಮಗೆ ಒಳ್ಳೆಯ ಸುಳಿವು ಸಿಕ್ಕಿದ್ದು ಒಂದು ಟಿವಿ ಚಿತ್ರದಲ್ಲಿ. ಜೇಮ್ಸ್ ಗ್ರಹಾಂ ಬರೆದ ‘ಬ್ರೆಕ್ಸಿಟ್: ದಿ ಅನ್‌ಸಿವಿಲ್ ವಾರ್’ 2019ರ ಜನವರಿಯಲ್ಲಿ, ಅಂದರೆ ಮೇ ಅವರ ಒಪ್ಪಂದ ಮೊದಲ ಬಾರಿ ಬೀಳುವ ಕೆಲವೇ ದಿನ ಮುಂಚೆ, ಪ್ರಸಾರವಾಯಿತು. ಹೊರಹೋಗುವ ಪಕ್ಷದ ಪ್ರಚಾರ ನಡೆಸಿದ ಡೊಮಿನಿಕ್ ಕಮಿಂಗ್ಸ್ ಇದರ ಕೇಂದ್ರ. ‘ಹಿಡಿತ ಪಡೆಯಿರಿ’ ಎಂಬ ಘೋಷಣೆಗೆ ಆತ ‘ಮರಳಿ’ ಎಂಬ ಮಾತನ್ನು ಸೇರಿಸುವ ದೃಶ್ಯವೊಂದು ಅದರಲ್ಲಿದೆ. ‘ಹಿಡಿತ ಮರಳಿ ಪಡೆಯಿರಿ’. ಈ ಒಂದು ಮಾತಿನಿಂದ ಎಲ್ಲ ಬದಲಾಗುತ್ತದೆ. ಮರಳಿ ಎಂದ ಕೂಡಲೇ ಕೇಳುವವನಿಗೆ ತಾನು ಏನನ್ನೋ ಕಳೆದುಕೊಂಡಿದ್ದೇನೆ ಅನಿಸುತ್ತದೆ. ಯಾರೋ ಕಿತ್ತುಕೊಂಡಿದ್ದಾರೆ ಅನಿಸುತ್ತದೆ. ಏನನ್ನು, ಯಾರು ಎಂದು ಘೋಷಣೆ ಹೇಳುವುದಿಲ್ಲ. ಅದನ್ನು ಅವರವರೇ ತುಂಬಿಕೊಳ್ಳಬೇಕು.

ಅದೇ ಚಿತ್ರದ ಇನ್ನೊಂದು ದೃಶ್ಯದಲ್ಲಿ, ಉಳಿಯುವ ಪಕ್ಷದವರು ಅಭಿಪ್ರಾಯ ತಿಳಿಯಲೆಂದು ಕೂಡಿಸಿದ ಸಾಮಾನ್ಯ ಜನರ ನಡುವೆ ಜಗಳ ಹುಟ್ಟುತ್ತದೆ. ಒಬ್ಬ ಹೆಂಗಸು ತನ್ನನ್ನು ಏನೂ ಅಲ್ಲದವಳಂತೆ ಕಾಣುವುದು ಸಾಕಾಗಿದೆ ಎಂದು ಅತ್ತುಬಿಡುತ್ತಾಳೆ. ಇಡೀ ಚಿತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಈ ಅಳು. ಆದರೆ ಚಿತ್ರ ಅವಳ ಬಳಿ ನಿಲ್ಲುವುದಿಲ್ಲ. ತಕ್ಷಣವೇ ಜಾಣ ಗಂಡಸರ ಕೋಣೆಗಳಿಗೆ ಮರಳುತ್ತದೆ. ಜನರ ಸಿಟ್ಟನ್ನು ಬಳಸಿಕೊಂಡವನ ಚಾಣಾಕ್ಷತನವನ್ನು ತೋರಿಸುವ ಭರದಲ್ಲಿ ಚಿತ್ರವೂ ಆ ಸಿಟ್ಟನ್ನು ಬಳಸಿಕೊಂಡು ಮುಂದೆ ಸಾಗುತ್ತದೆ.

ಆ ಹೆಂಗಸಿನ ಮನೆಯೊಳಗೆ ಹೋಗುವ ಪ್ರಯತ್ನವನ್ನು ಮಾಡಿದವರು ಕಾದಂಬರಿಕಾರ ಜೊನಾಥನ್ ಕೋ. 2018ರಲ್ಲಿ ಬಂದ ಅವರ ‘ಮಿಡಲ್ ಇಂಗ್ಲೆಂಡ್’ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಒಂದು ಕುಟುಂಬದ ಎಂಟು ವರ್ಷಗಳ ಕಥೆ. ಮುದುಕ ಕಾಲಿನ್ ಟ್ರಾಟರ್ ಲಾಂಗ್‌ಬ್ರಿಜ್‌ನ ಕಾರು ಕಾರ್ಖಾನೆಯಲ್ಲಿ ದುಡಿದವನು. ಆ ಕಾರ್ಖಾನೆ 2005ರಲ್ಲಿ ದಿವಾಳಿಯಾಗಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡದ್ದು ಚರಿತ್ರೆ. ಒಂದು ದಿನ ಕಾಲಿನ್ ಮಗನೊಡನೆ ಆ ಜಾಗ ನೋಡಲು ಹೋಗುತ್ತಾನೆ. ಕಾರ್ಖಾನೆ ಇದ್ದಲ್ಲಿ ಈಗ ಅಂಗಡಿಗಳು ಎದ್ದಿವೆ. ಏನನ್ನೂ ತಯಾರಿಸದ ಊರಿನಲ್ಲಿ ಈ ಅಂಗಡಿಗಳಿಗೆ ಸುರಿಯಲು ಜನರಿಗೆ ಹಣ ಎಲ್ಲಿಂದ ಬರಬೇಕು ಎನ್ನುವುದು ಮುದುಕನಿಗೆ ಅರ್ಥವಾಗುವುದಿಲ್ಲ. ಅವನ ಪ್ರಶ್ನೆಯಲ್ಲಿ ಮೂರ್ಖತನವಿಲ್ಲ. ಅರ್ಥಶಾಸ್ತ್ರ ಬಲ್ಲವರೂ ಅದಕ್ಕೆ ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಈ ಭಾಗದಲ್ಲಿ ಕೋ ತಮ್ಮ ಎಂದಿನ ಹಾಸ್ಯವನ್ನು ಪಕ್ಕಕ್ಕಿಟ್ಟು ಬರೆಯುತ್ತಾರೆ. ‘ಮರಳಿ’ ಎಂಬ ಮಾತಿಗೆ ಈ ಮುದುಕನ ಮಟ್ಟಿಗೆ ಎಂಥ ಅರ್ಥವಿತ್ತೆಂದು ನಮಗೆ ತಿಳಿಯುತ್ತದೆ.

ಅದೇ ಕಾದಂಬರಿಯಲ್ಲಿ ಹೆಲೆನಾ ಎಂಬ ವೃದ್ಧೆಯಿದ್ದಾಳೆ. ಹಳ್ಳಿಯ ಅನುಕೂಲಸ್ಥ ಮನೆತನದವಳು. ಅವಳ ಮನೆಗೆಲಸಕ್ಕೆ ಬರುವ ಗ್ರೇಟೆ ಲಿಥುವೇನಿಯಾದವಳು. ಗ್ರೇಟೆ ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿದಳೆಂಬ ಕಾರಣಕ್ಕೆ ಒಬ್ಬ ಗಂಡಸು ಅವಳ ಮೇಲೆ ಹರಿಹಾಯುತ್ತಾನೆ. ಹೆಲೆನಾ ಅದನ್ನು ಕಣ್ಣಾರೆ ಕಂಡಿದ್ದಾಳೆ. ಸಾಕ್ಷಿ ಹೇಳಿ ಎಂದು ಗ್ರೇಟೆ ಕೇಳಿಕೊಂಡಾಗ ಆಕೆ ಬೈಯುವುದಿಲ್ಲ, ದನಿ ಏರಿಸುವುದಿಲ್ಲ. ನೀವು ನಿಮ್ಮೂರಿಗೆ ಹೋಗುವುದೇ ಒಳ್ಳೆಯದೇನೋ ಎಂಬ ಅರ್ಥದ ಮಾತನ್ನು ಬಹಳ ಮರ್ಯಾದೆಯಿಂದ ಆಡುತ್ತಾಳೆ. ಬ್ರೆಕ್ಸಿಟ್ ಕುರಿತು ನಾವು ಓದಿದ್ದರಲ್ಲಿ ಇದಕ್ಕಿಂತ ಭಯ ಹುಟ್ಟಿಸುವ ಪುಟ ಇನ್ನೊಂದಿಲ್ಲ. ಕೈಯೆತ್ತಿದವನು ಒಬ್ಬ, ಅವನಿಗೆ ಧೈರ್ಯ ಕೊಟ್ಟದ್ದು ಈ ಮರ್ಯಾದಸ್ಥ ಮೌನ.

ಇಲ್ಲಿಯೇ ಕೋ ಅವರ ಮಿತಿಯೂ ಕಾಣುತ್ತದೆ. ಹೆಲೆನಾಳ ನೆನಪು, ಒಂಟಿತನ, ಅಂಜಿಕೆ ಎಲ್ಲ ನಮಗೆ ಗೊತ್ತಾಗುತ್ತವೆ. ಗ್ರೇಟೆ ಮಾತ್ರ ಹೆಲೆನಾಳ ಆತ್ಮಸಾಕ್ಷಿಯ ಪರೀಕ್ಷೆಗೆಂದು ಬಂದವಳಂತೆ ಬಂದು ಕಥೆಯಿಂದ ಜಾರಿಹೋಗುತ್ತಾಳೆ. ಕಾಲಿನ್ನನ ಸಿಟ್ಟಿಗೂ ಹೆಲೆನಾಳ ಅಸಮಾಧಾನಕ್ಕೂ ನಡುವಿನ ವ್ಯತ್ಯಾಸವನ್ನೂ ಕಾದಂಬರಿ ಒತ್ತಿ ಹೇಳುವುದಿಲ್ಲ. ಒಬ್ಬ ಕಳೆದುಕೊಂಡದ್ದು ದುಡಿಮೆ. ಇನ್ನೊಬ್ಬಳು ಕಳೆದುಕೊಂಡದ್ದು ತನ್ನಂಥವರೇ ತುಂಬಿದ್ದ ಹಳ್ಳಿ. ಎರಡನ್ನೂ ‘ಜನರ ಹತಾಶೆ’ ಎಂಬ ಒಂದೇ ಚೀಲಕ್ಕೆ ತುಂಬುವುದು ರಾಜಕಾರಣಿಗಳ ಕೆಲಸ. ಸಾಹಿತ್ಯ ಅದನ್ನು ಬಿಚ್ಚಿ ತೋರಿಸಬೇಕು.

ಆಲಿ ಸ್ಮಿತ್ ಅವರ ‘ಆಟಮ್’ ಇನ್ನೂ ಮೊದಲೇ, ಜನಮತಗಣನೆ ನಡೆದ ನಾಲ್ಕು ತಿಂಗಳೊಳಗೆ, ಪ್ರಕಟವಾಯಿತು. ನಾಯಕಿ ಎಲಿಸಬೆತ್ ಪಾಸ್‌ಪೋರ್ಟ್ ಅರ್ಜಿ ಹಿಡಿದು ಅಂಚೆ ಕಚೇರಿಗೆ ಹೋಗುತ್ತಾಳೆ. ಫೋಟೋದಲ್ಲಿ ಅವಳ ಮುಖದ ಅಳತೆ ಸರಿಯಿಲ್ಲವೆಂದು ಗುಮಾಸ್ತ ಅರ್ಜಿಯನ್ನು ಹಿಂದಿರುಗಿಸುತ್ತಾನೆ. ಅದೇ ದೇಶದಲ್ಲಿ ಹುಟ್ಟಿದವಳ ಮುಖವೇ ನಿಯಮಕ್ಕೆ ಹೊಂದುವುದಿಲ್ಲ. ಕಚೇರಿಗಳಿಗೆ ಅಲೆದ ಯಾರಿಗೂ ಈ ಪ್ರಸಂಗದ ನಗು ಮತ್ತು ಕಹಿ ಎರಡೂ ಗೊತ್ತಾಗುತ್ತವೆ. ಅವಳ ತಾಯಿಗೆ ಸುದ್ದಿ ಸಾಕಾಗಿದೆ, ಸುಳ್ಳು ಸಾಕಾಗಿದೆ, ಸಿಟ್ಟಾಗುವುದೂ ಸಾಕಾಗಿದೆ. ಊರಿನ ಬಯಲಿಗೆ ಯಾರೋ ವಿದ್ಯುತ್ ಬೇಲಿ ಹಾಕಿದ್ದಾರೆ. ಒಂದು ಮನೆಯ ಗೋಡೆಗೆ ತೊಲಗಿ ಎಂದು ಬರೆದಿದ್ದಾರೆ; ಕೆಲವು ದಿನ ಕಳೆದ ಮೇಲೆ ಅದರ ಕೆಳಗೆ, ನಾವು ನಮ್ಮ ಮನೆಯಲ್ಲೇ ಇದ್ದೇವೆ ಎಂಬರ್ಥದ ಉತ್ತರವೂ ಕಾಣಿಸಿಕೊಂಡಿದೆ. ದ್ವೇಷಕ್ಕೆ ಇಷ್ಟು ಶಾಂತವಾದ ಉತ್ತರವನ್ನು ಕಂಡು ನಮಗೆ ಸಂತೋಷವಾಯಿತು.

ಆದರೆ ಸ್ಮಿತ್ ಅವರ ಕಾದಂಬರಿ ಆ ಗೋಡೆಗೆ ಬರೆದವನ ಮನೆಗೂ ಹೋಗುವುದಿಲ್ಲ, ಉತ್ತರ ಬರೆದವರ ಮನೆಗೂ ಹೋಗುವುದಿಲ್ಲ. ನೋಡುವವಳು ಕಲೆಯ ಇತಿಹಾಸ ಬಲ್ಲ ಉಪನ್ಯಾಸಕಿ. ಅವಳ ದುಃಖವೇ ದೇಶದ ದುಃಖವಾಗುತ್ತದೆ. ಈ ಕೊರತೆ ಸ್ಮಿತ್ ಅವರಿಗೇ ಕಂಡಿರಬೇಕು. ಅದೇ ಮಾಲೆಯ ‘ಸ್ಪ್ರಿಂಗ್’ ಕಾದಂಬರಿಯಲ್ಲಿ (2019) ಅವರು ವಲಸಿಗರನ್ನು ಕೂಡಿಹಾಕುವ ಕೇಂದ್ರದೊಳಕ್ಕೆ ಹೋಗುತ್ತಾರೆ, ಅಲ್ಲಿನ ಕಾವಲುಗಾರ್ತಿಯ ಕಣ್ಣಿನಿಂದ. ಇಯಾನ್ ಮೆಕ್‌ಈವನ್ ಅವರ ‘ದಿ ಕಾಕ್ರೋಚ್’ (2019) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಿರಲೆಯೊಂದು ಪ್ರಧಾನಿಯಾಗಿ ಎಚ್ಚರಗೊಂಡು ಹಣದ ಹರಿವನ್ನೇ ತಿರುಗಾಮುರುಗಾ ಮಾಡಲು ಹೊರಡುವ ಕಥೆ ಮೊದಲ ಹತ್ತು ಪುಟ ನಗಿಸುತ್ತದೆ. ಎದುರಾಳಿಯನ್ನು ಹುಳವೆಂದು ಕರೆದ ಮೇಲೆ ಅವನಿಗೆ ಓಟು ಹಾಕಿದವರೊಡನೆ ಆಡಲು ಮಾತು ಉಳಿಯುವುದಿಲ್ಲ.

ಈ ಎಲ್ಲ ಕೃತಿಗಳು ಒಳಗೆ ಬಿಟ್ಟುಕೊಳ್ಳದ ಒಂದು ಸಂಗತಿಯಿದೆ: ಒಪ್ಪಂದ. ಓಟಿನ ಮುಂಚಿನ ಗದ್ದಲವನ್ನೂ ನಂತರದ ವಿಷಾದವನ್ನೂ ಬರೆದವರು, 585 ಪುಟಗಳ ಒಳಗೆ ಇಣುಕಲಿಲ್ಲ. ಅದು ಒಣ ವಿಷಯ, ನಿಜ. ಆದರೆ ಜನ ಬೇಸತ್ತದ್ದು ಅಲ್ಲಿಯೇ. ಐರ್ಲೆಂಡ್ ದ್ವೀಪದಲ್ಲಿ ಸುಮಾರು 500 ಕಿಲೋಮೀಟರ್ ಗಡಿಯಿದೆ. ದಶಕಗಳ ರಕ್ತಪಾತದ ನಂತರ 1998ರ ಶುಭ ಶುಕ್ರವಾರದ ಒಪ್ಪಂದದಿಂದ ಅಲ್ಲಿ ಶಾಂತಿ ನೆಲೆಸಿ, ಕಾಲಕ್ರಮೇಣ ತಪಾಸಣೆಯ ಠಾಣೆಗಳು ಮಾಯವಾದವು. ಬ್ರಿಟನ್ ಒಕ್ಕೂಟದ ಮಾರುಕಟ್ಟೆಯನ್ನೂ ಸುಂಕದ ವ್ಯವಸ್ಥೆಯನ್ನೂ ಬಿಟ್ಟರೆ ತಪಾಸಣೆ ಎಲ್ಲಾದರೂ ನಡೆಯಲೇಬೇಕು: ಒಂದೋ ಆ ಗಡಿಯಲ್ಲಿ, ಇಲ್ಲವೇ ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಕಡಲಿನಲ್ಲಿ. ಅತ್ತ ದರಿ, ಇತ್ತ ಪುಲಿ. ಬೋರಿಸ್ ಜಾನ್ಸನ್ ಕೊನೆಗೆ ಆರಿಸಿಕೊಂಡದ್ದು ಕಡಲನ್ನು. ಮತಪತ್ರದಲ್ಲಿ ಈ ಪ್ರಶ್ನೆ ಇರಲಿಲ್ಲ. ಗಡಿ ಎಂದರೇನೆಂದು ತಿಳಿಯಲು ಬ್ರೆಕ್ಸಿಟ್ ಹೆಸರೇ ಎತ್ತದ ಕಾದಂಬರಿಯೊಂದನ್ನು ಓದಬೇಕು. 2018ರ ಬೂಕರ್ ಪಡೆದ, ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಬೆಳೆದ ಆನಾ ಬರ್ನ್ಸ್ ಅವರ ‘ಮಿಲ್ಕ್‌ಮನ್’ನಲ್ಲಿ ಜನ ಯಾವ ಹೆಸರಿಡಬೇಕು, ಯಾವ ಬೀದಿಯಲ್ಲಿ ನಡೆಯಬೇಕು ಎನ್ನುವುದನ್ನೂ ಗಡಿಯೇ ತೀರ್ಮಾನಿಸುತ್ತದೆ.

‘ಮರಳಿ’ ಎಂಬುದನ್ನು ತಮ್ಮ ರೀತಿಯಲ್ಲಿ ತುಂಬಿಕೊಂಡವರು ಇನ್ನೂ ಇದ್ದರು. ಬ್ರಿಟನ್ನಿನಲ್ಲಿ ‘ಇಂಡಿಯನ್’ ಎಂಬ ಫಲಕ ಹೊತ್ತ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾದೇಶ ಮೂಲದವರವು, ಅದರಲ್ಲೂ ಸಿಲ್ಹೆಟ್ ಕಡೆಯವರವು. ಯುರೋಪಿನಿಂದ ಬರುವವರು ಕಡಿಮೆಯಾದರೆ ನಿಮ್ಮ ನಾಡಿನ ಅಡುಗೆಯವರಿಗೆ ವೀಸಾ ಸಿಗುತ್ತದೆ ಎಂಬ ಭರವಸೆ ನಂಬಿ ಅವರ ಸಂಘದ ಮುಖಂಡರು ಹೊರಹೋಗುವ ಪಕ್ಷವನ್ನು ಬೆಂಬಲಿಸಿದರು, ಆಮೇಲೆ ಮೋಸಹೋದೆವೆಂದರು. ಅದೇ ಪ್ರಚಾರ ಇನ್ನೊಂದು ಕಡೆ, 7 ಕೋಟಿ 60 ಲಕ್ಷ ಜನರಿರುವ ಟರ್ಕಿ ಒಕ್ಕೂಟಕ್ಕೆ ಸೇರಲಿದೆ ಎಂಬ ಭಿತ್ತಿಪತ್ರ ಹಂಚುತ್ತಿತ್ತು. ಟರ್ಕಿ ಇಂದಿಗೂ ಸೇರಿಲ್ಲ. ನೈಜೆಲ್ ಫರಾಜ್ ಅನಾವರಣ ಮಾಡಿದ ಭಿತ್ತಿಪತ್ರದಲ್ಲಿ ಸ್ಲೊವೇನಿಯಾ ಗಡಿಯಲ್ಲಿ ಸಾಲುಗಟ್ಟಿ ಬರುತ್ತಿದ್ದ ನಿರಾಶ್ರಿತರ ಚಿತ್ರವಿತ್ತು. ಯುದ್ಧ ತಪ್ಪಿಸಿಕೊಂಡು ಬಂದ ಆ ಜನಕ್ಕೂ ಒಕ್ಕೂಟದ ಪ್ರಜೆಗಳ ಓಡಾಟದ ಹಕ್ಕಿಗೂ ಸಂಬಂಧವೇ ಇರಲಿಲ್ಲ. ಲಾಂಗ್‌ಬ್ರಿಜ್‌ನ ಕಾರ್ಖಾನೆ ಮುಚ್ಚಿಸಿದ್ದು ಅವರಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2016ರ ಜುಲೈನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು ದಾಖಲಿಸಿದ ಜನಾಂಗ, ಧರ್ಮ ದ್ವೇಷದ ಅಪರಾಧಗಳು ಹಿಂದಿನ ಜುಲೈಗಿಂತ ಶೇ. 41ರಷ್ಟು ಹೆಚ್ಚಿದ್ದವು.

ಹೊರನಡೆದ ಮೇಲಾದರೂ ಸಿಟ್ಟು ಇಳಿಯಿತೇ? ‘ಬ್ರೆಕ್ಸಿಟ್ ಮುಗಿಸೋಣ’ ಎಂಬ ಮಾತಿನ ಮೇಲೆ 2019ರ ಡಿಸೆಂಬರಿನ ಚುನಾವಣೆಯನ್ನು ಜಾನ್ಸನ್ ಭಾರಿ ಬಹುಮತದಿಂದ ಗೆದ್ದರು. ಮುಗಿಸಿಯೂ ಆಯಿತು. 2023ರಲ್ಲಿ ಬ್ರಿಟನ್ನಿಗೆ ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷ ದಾಟಿತ್ತು. ಬಂದವರಲ್ಲಿ ಹೆಚ್ಚಿನವರು ಯುರೋಪಿನ ಹೊರಗಿನವರು. ವಿದ್ಯಾರ್ಥಿಗಳಾಗಿ, ದಾದಿಯರಾಗಿ ಹೋದ ಭಾರತೀಯರು ಅವರಲ್ಲಿ ದೊಡ್ಡ ಗುಂಪು. ಕನ್ನಡ ನಾಡಿನವರೂ ಅದರಲ್ಲಿದ್ದಾರೆ. ಆಸ್ಪತ್ರೆಗಳಿಗೆ ಅವರು ಬೇಕಾಗಿದ್ದರು, ವಿಶ್ವವಿದ್ಯಾಲಯಗಳಿಗೆ ಅವರ ಶುಲ್ಕ ಬೇಕಾಗಿತ್ತು. ಆದರೆ ಹಿಡಿತ ಮರಳಿ ಬಂದಿದೆಯೆಂದು ನಂಬಿದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. 2024ರ ಜುಲೈನಲ್ಲಿ ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದಾಗ, ಕೊಂದವನು ಆಶ್ರಯ ಕೋರಿ ಬಂದ ಮುಸ್ಲಿಮ ಎಂಬ ಸುಳ್ಳು ಹರಡಿ ಮರುದಿನವೇ ಅಲ್ಲಿನ ಮಸೀದಿಯ ಮೇಲೆ ದಾಳಿಯಾಯಿತು. ಕೊಂದವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಈ ಗಲಭೆಗೆ ಬ್ರೆಕ್ಸಿಟ್ಟೇ ಕಾರಣವೆಂದು ನಾವು ಹೇಳುತ್ತಿಲ್ಲ. ದೂರಲು ಬ್ರಸೆಲ್ಸ್ ಇಲ್ಲವಾದ ಮೇಲೂ ದೂರುವ ಅಭ್ಯಾಸ ಉಳಿದಿತ್ತು ಎನ್ನುತ್ತಿದ್ದೇವೆ, ಅಷ್ಟೇ.

ಜನರ ಸಿಟ್ಟಿಗೆ ಕಿವಿಗೊಡಬೇಕು. ಕಾಲಿನ್ನನ ಪ್ರಶ್ನೆಗೆ ಹತ್ತು ವರ್ಷ ಮೊದಲೇ ಯಾರಾದರೂ ಕಿವಿಗೊಟ್ಟಿದ್ದರೆ ಆ ಖಾಲಿ ಜಾಗವನ್ನು ತುಂಬಲು ಒಂದು ಘೋಷಣೆಗೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಕಿವಿಗೊಡುವುದೆಂದರೆ ಸಿಟ್ಟು ಬೊಟ್ಟು ಮಾಡಿದವನನ್ನೆಲ್ಲ ಅಪರಾಧಿಯೆಂದು ಒಪ್ಪುವುದಲ್ಲ. ಈ ಎರಡರ ನಡುವಿನ ಗೆರೆಯನ್ನು ಕಾಣಿಸುವುದೇ ಇಂಥ ಕಾಲದಲ್ಲಿ ಕಾದಂಬರಿಯ ಕೆಲಸ. ಕೋ ಮತ್ತು ಸ್ಮಿತ್ ಅದರ ಅರ್ಧ ದಾರಿ ನಡೆದಿದ್ದಾರೆ, ಅವರನ್ನು ಓದಬೇಕು. ಉಳಿದ ಅರ್ಧ, ಹೆಲೆನಾಳ ಮನೆಯ ಬಾಗಿಲು ದಾಟಿ ಹೊರಬಂದ ಗ್ರೇಟೆಯ ಜೊತೆ ಅವಳ ಮನೆಯವರೆಗೆ ಹೋಗಬೇಕು. ಅವಳಿಗೂ ಸಿಟ್ಟು ಬಂದಿರುತ್ತದೆ. ಅದನ್ನು ಅವಳು ಯಾವ ಭಾಷೆಯಲ್ಲಿ, ಯಾರ ಮುಂದೆ ಹೇಳಿಕೊಂಡಳು ಎಂದು ತಿಳಿಯುವ ಆಸೆ ನಮಗಿದೆ.