ದುಂಬಾಲಿನ ಸೊಗಸು

ಬಾಯಿ ತುಂಬುವ ಮಾತುಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ದುಂಬಾಲು’. ಕೊಡುವ ತನಕ ಕದಲದೆ ಬೇಡುವವನನ್ನು ‘ದುಂಬಾಲು ಬಿದ್ದಿದ್ದಾನೆ’ ಎನ್ನುತ್ತೇವೆ. ಒಮ್ಮೆ ನಿಧಾನವಾಗಿ ಅಂದು ನೋಡಿ. ‘ದುಂ’ ಎಂದಾಗ ತುಟಿ ಮುಚ್ಚುತ್ತದೆ. ‘ಬಾ’ ಎಂದು ತೆರೆದುಕೊಂಡು ಉದ್ದಕ್ಕೆ ಸಾಗುತ್ತದೆ. ‘ಲು’ ಎಂದು ನಾಲಗೆಯ ತುದಿಯಲ್ಲಿ ಜೋತುಬೀಳುತ್ತದೆ.

ಇದರ ತವರು ಪಾರಸಿ. ಅಲ್ಲಿ ‘ದುಂಬಾಲ್’ ಎಂದರೆ ಹಿಂಬದಿ, ಬೆನ್ನಹಿಂದಿನ ಜಾಡು. ಪಾರಸಿಯ ಬಾಲ ಇರುವುದು ಮೊದಲಿನ ‘ದುಂ’ನಲ್ಲಿ, ಕನ್ನಡದ ಕಿವಿಗೆ ಕೊನೆಯಲ್ಲೂ ಒಂದು ಬಾಲ ಕೇಳಿಸುವುದು ನಮಗೆ ಸಿಕ್ಕ ಲಾಭ!

ಮಿರಜ ಸೀಮೆಯಲ್ಲಿ ನಿಂತರೆ ಈ ಮಾತಿನ ರುಚಿ ಇಮ್ಮಡಿಯಾಗುತ್ತದೆ. ಬಹಮನಿಗಳು, ಅವರ ಬಳಿಕ ಬಿಜಾಪುರದ ಆದಿಲಶಾಹಿಗಳು ಆಳಿದ ನೆಲ ಅದು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ದರ್ಬಾರಿನ ಪಾರಸಿ ಮಾತ್ರ ಜನರ ನಾಲಗೆಯಲ್ಲಿ ಉಳಿಯಿತು. ದುಂಬಾಲು ಬೀಳುವುದಕ್ಕೆ ಅಲ್ಲಿ ಮರಾಠಿಯವರು ‘ಮಾಗೆ ಲಾಗಣೆ’ ಎನ್ನುತ್ತಾರೆ, ದಖನಿಯವರು ‘ಪೀಛೇ ಪಡನಾ’ ಎನ್ನುತ್ತಾರೆ, ಕನ್ನಡದವರು ‘ಬೆನ್ನು ಹತ್ತುವುದು’ ಎನ್ನುತ್ತಾರೆ. ಮೂರು ನುಡಿಗಳಲ್ಲೂ ಬೇಡುವವನ ಜಾಗ ಬೆನ್ನ ಹಿಂದೆಯೇ.

ಇದರ ನೆರೆಯ ಮಾತು ‘ತಗಾದೆ’, ಮರಾಠಿಯಲ್ಲಿ ‘ತಗಾದಾ’. ಅರಬಿಯ ‘ತಕಾಜಾ’ ಅದರ ಮೂಲ; ಇತ್ಯರ್ಥ ಮಾಡುವ ‘ಖಾಜಿ’ಯೂ ಅದೇ ಬೇರಿನವನು. ಸಾಲ ತೀರಿಸೆಂಬ ಒತ್ತಾಯ ಅದರ ಹಳೆಯ ಅರ್ಥ. ಕನ್ನಡದಲ್ಲಿ ಅದು ಮೆಲ್ಲಗೆ ಜಗಳದ ಕಡೆಗೂ ವಾಲಿ ‘ತಗಾದೆ ತೆಗೆಯುವುದು’ ಆಯಿತು. ಗಟ್ಟಿ ಮಾತು, ಖಡಕ್ ಮಾತು. ಆದರೆ ಲೆಕ್ಕದ ಪುಸ್ತಕದ ವಾಸನೆ ಬಿಟ್ಟಿಲ್ಲ. ಜಾತ್ರೆಗೆ ಕರೆದುಕೊಂಡು ಹೋಗೆಂದು ಮಗಳು ದುಂಬಾಲು ಬಿದ್ದಳು ಅನ್ನಿ, ಮನೆ ನಗುತ್ತದೆ. ತಗಾದೆ ಹಚ್ಚಿದಳು ಅನ್ನಿ, ಮನೆಯೇ ಸಾಹುಕಾರನ ಅಂಗಡಿಯಾಗುತ್ತದೆ.

ನಾನು ಮತ್ತೆ ಮತ್ತೆ ಚಪ್ಪರಿಸುವುದು ಮಾತ್ರ ಆ ‘ಬೀಳು’ವನ್ನು. ಪಾರಸಿಯಲ್ಲಿ ದುಂಬಾಲು ಎಂದರೆ ಹಿಂಬದಿ. ಕನ್ನಡದಲ್ಲಿ ಅದು ಬೀಳುತ್ತದೆ. ಕಾಲಿಗೆ ಬೀಳುವ ವಿನಯ, ಗಂಟುಬೀಳುವ ಪಟ್ಟು, ಬೆನ್ನುಬೀಳುವ ತಾಳ್ಮೆ, ಮೂರೂ ಆ ಪುಟ್ಟ ಕ್ರಿಯಾಪದದಲ್ಲಿ ಒಟ್ಟಿಗೆ ಕುಳಿತಿವೆ. ತಗಾದೆಗೆ ಹಕ್ಕು ಬೇಕು. ದುಂಬಾಲಿಗೆ ಆಸೆಯೊಂದಿದ್ದರೆ ಸಾಕು. ಹಕ್ಕಿಲ್ಲದವರೂ ಸಲುಗೆಯಿಂದ ಕೇಳಲು ಒಂದು ಮಾತು ಬೇಕಿತ್ತು. ಪರದೇಶದ ಬಾಲಕ್ಕೆ ಮನೆಯ ಕ್ರಿಯಾಪದ ಜೋಡಿಸಿ ಕನ್ನಡ ಅದನ್ನು ಎಷ್ಟು ಚೆಂದವಾಗಿ ಕಟ್ಟಿಕೊಂಡಿತು!