ಬೆರಳಿನ ನೆನಪು

ವೈಟ್‌ಫೀಲ್ಡಿನ ಯಾವುದಾದರೊಂದು ಸಾಫ್ಟ್‌ವೇರ್ ಕಂಪನಿಯ ವಾರ್ಷಿಕೋತ್ಸವಕ್ಕೆ ಹೋದರೆ ಹೆಚ್ಚುಕಡಿಮೆ ಒಂದೇ ದೃಶ್ಯ ಕಾಣಸಿಗುತ್ತದೆ. ಭಾಷಣ, ಬಹುಮಾನ ವಿತರಣೆಗಳೆಲ್ಲ ಮುಗಿದ ಬಳಿಕ ಅಲ್ಲಿನ ಉದ್ಯೋಗಿಗಳದೇ ಒಂದು ರಾಕ್ ತಂಡ ವೇದಿಕೆ ಹತ್ತುತ್ತದೆ. ಹಗಲೆಲ್ಲ ಕೀಲಿಮಣೆಯ ಮೇಲಿದ್ದ ಬೆರಳುಗಳು ಈಗ ಎಲೆಕ್ಟ್ರಿಕ್ ಗಿಟಾರಿನ ತಂತಿಯ ಮೇಲೆ ಓಡುತ್ತವೆ. ಐರನ್ ಮೇಡನ್, ಮೆಟಾಲಿಕ, ಪಿಂಕ್ ಫ್ಲಾಯ್ಡ್ ತಂಡಗಳ ಹಾಡುಗಳನ್ನು ಒಂದು ಸ್ವರವೂ ಆಚೀಚೆಯಾಗದಂತೆ ನುಡಿಸುತ್ತಾರೆ. ಸಭೆ ತಲೆದೂಗುತ್ತದೆ. ಅದೇ ಹೊತ್ತಿಗೆ ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಬಸ್ಸಿಗೆ ಕಾಯುತ್ತಿರುತ್ತಾರೆ. ಪವರ್ ಪ್ರೆಸ್ಸಿನ ಸದ್ದು ಅವರ ಕಿವಿಯಲ್ಲಿ ಇನ್ನೂ ಇಳಿದಿರುವುದಿಲ್ಲ. ಇವರಿಗೂ ಆ ವೇದಿಕೆಗೂ ಏನು ಸಂಬಂಧ ಎಂದು ಕೇಳಿದರೆ ಎರಡೂ ಕಡೆಯವರು ನಕ್ಕುಬಿಟ್ಟಾರು. ಆದರೆ ಸಂಬಂಧವಿದೆ. ಆ ವೇದಿಕೆಯಲ್ಲಿ ಮೊಳಗುವ ಹೆವಿ ಮೆಟಲ್ ಎಂಬ ಸಂಗೀತ ಹುಟ್ಟಿದ್ದು ವೈಟ್‌ಫೀಲ್ಡಿನಂಥ ಕಡೆಯಲ್ಲ, ಪೀಣ್ಯದಂಥ ಕಡೆಯಲ್ಲಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಒಂದು ಕಾರ್ಖಾನೆಗಳ ಊರು. ಅಲ್ಲಿನ ಶೀಟ್ ಮೆಟಲ್ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ 17ರ ಹುಡುಗ ಕೆಲಸಕ್ಕಿದ್ದ. 1965ರಲ್ಲಿ ಅವನು ಆ ಕೆಲಸ ಬಿಟ್ಟು ಸಂಗೀತ ತಂಡವೊಂದರ ಜೊತೆ ಹೊರಡಬೇಕಿದ್ದ ದಿನ. ಅಂದು ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಕತ್ತರಿಸಿಹೋದವು. ಅವನು ಎಡಚ. ತಂತಿಯನ್ನು ಒತ್ತಿಹಿಡಿಯುವ ಕೈಯೇ ಬಲಗೈ. ಇನ್ನು ಗಿಟಾರಿನ ಆಸೆ ಬಿಡಬೇಕು ಎಂದು ಕುಳಿತಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆ ತಂದು ಕೇಳಿಸಿದರು. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ನಿಷ್ಕ್ರಿಯವಾದ ಮೇಲೂ ಜಾಝ್ ಗಿಟಾರಿನಲ್ಲಿ ಹೆಸರು ಮಾಡಿದ ವ್ಯಕ್ತಿ ಆತ. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಅದರ ಮೇಲೆ ಚರ್ಮದ ತುಂಡು ಅಂಟಿಸಿದ. ನೋವಾಗದಂತೆ ತೆಳು ತಂತಿ ಕಟ್ಟಿದ. ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಅವನ ಗಿಟಾರ್ ಮಾಮೂಲಿಗಿಂತ ಮೂರು ಅರ್ಧಸ್ವರ ಕೆಳಗಿದೆ. ತಂತಿ ಸಡಿಲವಾದಂತೆ ನಾದ ತಗ್ಗಿತು, ಕಪ್ಪಾಯಿತು, ಭಾರವಾಯಿತು. ಬ್ಲ್ಯಾಕ್ ಸಬ್ಬತ್ ತಂಡದ ಆ ಭಾರವನ್ನೇ ಜಗತ್ತು ‘ಹೆವಿ ಮೆಟಲ್’ ಎಂದು ಕರೆಯಿತು.

ನಮ್ಮ ದೇಶದ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿಯಿತ್ತು. ಮಧ್ಯದ ಬೆರಳಿನ ಒಂದು ಗೆಣ್ಣು ಹೋದರೆ ಶೇ. 7, ಉಂಗುರ ಬೆರಳಿನ ಒಂದು ಗೆಣ್ಣು ಹೋದರೆ ಶೇ. 5 ದುಡಿಮೆಯ ಶಕ್ತಿ ನಷ್ಟ ಎಂದು ಅದು ಲೆಕ್ಕ ಹಾಕಿತ್ತು. ಪೀಣ್ಯದ ಶೆಡ್ಡುಗಳಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟವರ ಬದುಕನ್ನು ದಶಕಗಳ ಕಾಲ ಇಂಥ ಅಂಕಿಗಳಲ್ಲೇ ಅಳೆಯಲಾಯಿತು. ಅಯೋಮಿಯ ಕೈಯನ್ನು ಮಾತ್ರ ಯಾವ ಪಟ್ಟಿಯೂ ಅಳೆಯಲಾರದು. ಗಿಟಾರ್ ವಾದಕರನ್ನು ತೂಗುವಾಗ ನಮ್ಮ ರಸಿಕರು ಬಳಸುವ ಅಳತೆಗೋಲು, ಅಂದರೆ ಯಾರು ಎಷ್ಟು ವೇಗವಾಗಿ ನುಡಿಸುತ್ತಾರೆ ಎಂಬ ಲೆಕ್ಕ, ನಮಗೆ ಸಾಲದು ಎನಿಸುವುದು ಇದಕ್ಕಾಗಿಯೇ. ಅಯೋಮಿ ವೇಗಕ್ಕೆ ಹೆಸರಾದವನಲ್ಲ. ಮತ್ತೆ ಮತ್ತೆ ಬರುವ ನಾಲ್ಕಾರು ಸ್ವರಗಳ ಪಂಕ್ತಿಯೊಂದರಲ್ಲಿ, ರಸಿಕರು ‘ರಿಫ್’ ಎನ್ನುವ ಅದರಲ್ಲಿ, ಅವನ ಇಡೀ ಸತ್ವವಿದೆ. ಯಂತ್ರದಂತೆ ಬಡಿಯುವ ಅದರ ಲಯವನ್ನು ಕೇಳುವಾಗ ಅವನು ಬಿಟ್ಟುಬಂದ ಕಾರ್ಖಾನೆ ನೆನಪಾಗದಿರದು.

ಉಳಿದ ದೊಡ್ಡ ವಾದಕರನ್ನೂ ಹೀಗೆ ಅವರವರ ಕೈಯಿಂದಲೇ ನೋಡಬಹುದು. ಜಿಮಿ ಹೆಂಡ್ರಿಕ್ಸ್ (1942-1970) ಕೂಡ ಎಡಚ. ಬಲಗೈಯವರಿಗಾಗಿ ಮಾಡಿದ ಗಿಟಾರನ್ನು ತಲೆಕೆಳಗು ಹಿಡಿದು, ತಂತಿಗಳನ್ನು ಬದಲಿಸಿ ಕಟ್ಟಿಕೊಂಡ. ಉಳಿದವರು ದೋಷವೆಂದು ಅಡಗಿಸುತ್ತಿದ್ದ ಸ್ಪೀಕರಿನ ಕೂಗನ್ನು ಅವನು ಸ್ವರವಾಗಿ ಪಳಗಿಸಿದ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ ಅದರೊಳಗೆ ಬಾಂಬು, ಚೀತ್ಕಾರಗಳು ಕೇಳಿಬಂದವು. ಅದು ವಿಯೆಟ್ನಾಂ ಯುದ್ಧದ ಕಾಲ. ಅಷ್ಟು ಹೇಳಲು ಅವನಿಗೆ ಒಂದು ಪದವೂ ಬೇಕಾಗಲಿಲ್ಲ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಇದಕ್ಕೆ ತದ್ವಿರುದ್ಧ. ಹೆಂಡ್ರಿಕ್ಸ್ ತುಂಬಿಸುವಲ್ಲಿ ಆತ ಖಾಲಿ ಬಿಡುತ್ತಾನೆ. ಒಂದು ಸ್ವರ ಹಿಡಿದು ತಂತಿಯನ್ನು ನಿಧಾನವಾಗಿ ಎಳೆದು, ಮುಂದಿನ ಸ್ವರಕ್ಕೆ ನಮ್ಮನ್ನು ಕಾಯಿಸುತ್ತಾನೆ. ಮಾರ್ಕ್ ನಾಫ್ಲರ್ ಎಡಚನಾದರೂ ನುಡಿಸುವುದು ಬಲಗೈಯವರ ಹಾಗೆ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಅವನು ಸಾಮಾನ್ಯವಾಗಿ ಪಿಕ್ ಎಂಬ ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಟ್ಟು ಬರಿ ಬೆರಳಿನಿಂದ ಮೀಟುತ್ತಾನೆ. ಹಾಗಾಗಿ ಅವನ ವಾದನ ಮಾತಾಡಿದಂತೆ ಕೇಳುತ್ತದೆ. 1985ರ ಅವನ ಬಹುಪ್ರಸಿದ್ಧ ಹಾಡು, ಫ್ರಿಜ್ಜು ಹೊರುವ ಅಂಗಡಿ ಕೆಲಸಗಾರನೊಬ್ಬ ಟಿವಿಯಲ್ಲಿ ಕಾಣುವ ಸಂಗೀತಗಾರರನ್ನು ಹಂಗಿಸುವ ಮಾತು. ಮೈಮುರಿದು ದುಡಿಯುವವನಿಗೆ ಈ ಗಿಟಾರಿನವರು ಹೇಗೆ ಕಾಣುತ್ತಾರೆ ಎಂಬುದನ್ನು ಗಿಟಾರಿನವನೇ ಹಾಡು ಮಾಡಿದ್ದು ಸಣ್ಣ ಸಂಗತಿಯಲ್ಲ.

ಇವೆಲ್ಲ ಪರದೇಶದ್ದು, ನಮಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಡಿಕ್ ಡೇಲ್ (1937-2019) ಎಂಬ ಅಮೆರಿಕನ್ ವಾದಕನ ಉದಾಹರಣೆ ಕೊಡಬಹುದು. ಅವನ ತಂದೆಯ ಕಡೆಯವರು ಲೆಬನಾನಿನವರು. ಅವನ ಬಂಧುವೊಬ್ಬರು ಔದ್ ನುಡಿಸುತ್ತಿದ್ದರು. 1962ರಲ್ಲಿ ‘ಮಿಸಿರ್ಲೂ’ ಎಂಬ ಪೂರ್ವ ಮೆಡಿಟರೇನಿಯನ್ ಕಡೆಯ ಜನಪದ ಧಾಟಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದಾಗ ಒಂದೇ ತಂತಿಯ ಮೇಲೆ ಬಿಡುವಿಲ್ಲದೆ ಮೀಟುವ ಔದಿನ ಬಲಗೈ ಅವನಿಗೆ ಒದಗಿತು. ರಾಕ್ ಸಂಗೀತದ ವೇಗದ ಮೀಟಿಗೆ ಹೀಗೆ ಅರಬರ ವಾದ್ಯವೊಂದರ ಋಣವೂ ಇದೆ. ಬೆರಳು ತನ್ನ ಮನೆಯನ್ನು ಮರೆಯುವುದಿಲ್ಲ, ಎಲ್ಲಿ ಹೋದರೂ ಅದನ್ನು ಹೊತ್ತೇ ಹೋಗುತ್ತದೆ. ಹಾಗಾದರೆ ನಮ್ಮ ಬೆಂಗಳೂರಿನ ಬೆರಳುಗಳು ಏನನ್ನು ಹೊತ್ತಿವೆ?

ಗಿಟಾರಿಗೆ ಈ ಊರು ಹೊಸತಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಆಂಗ್ಲೋ ಇಂಡಿಯನ್ನರ ನೆಲೆಯಾಗಿ. ಜಾಗತೀಕರಣದ ಬಳಿಕ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕ ಬಂದುಹೋದವು. ಈ ಕಛೇರಿಗಳ ಫಲವಾಗಿ ನಮ್ಮ ಐಟಿ ಹುಡುಗರಿಗೆ ಅನುಕರಣೆ ಕರತಲಾಮಲಕವಾಯಿತು. 1998ರಲ್ಲಿ ಶುರುವಾದ ಬೆಂಗಳೂರಿನ ಕ್ರಿಪ್ಟೋಸ್ ತಂಡ ಐರನ್ ಮೇಡನ್ ಮಾದರಿಯ ಜೋಡಿ ಗಿಟಾರನ್ನು ಶ್ರದ್ಧೆಯಿಂದ ಒಲಿಸಿಕೊಂಡು, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು. ಸ್ವಂತ ಹಾಡುಗಳನ್ನೇ ನುಡಿಸಿ ಹೋದ ಈ ಸಾಧನೆ ಸಣ್ಣದಲ್ಲ. ಆದರೆ ಆ ಗಿಟಾರುಗಳನ್ನು ಕಣ್ಣುಮುಚ್ಚಿ ಕೇಳಿದರೆ ಇದು ಬೆಂಗಳೂರು ಎಂದು ಗೊತ್ತಾಗುವುದಿಲ್ಲ ಎನ್ನದೆ ವಿಧಿಯಿಲ್ಲ.

ಬ್ರೂಸ್ ಲೀ ಮಣಿಯವರದು ಬೇರೆ ದಾರಿ. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಗಿಟಾರ್ ವಾದಕ, ಗಾಯಕ ಅವರು. ಜಾಝಿನ ತಿರುವುಗಳು ಅವರ ಕೈಯಲ್ಲಿ ಸಲೀಸು. ಆದರೆ ಪಾಂಡಿತ್ಯ ಮೆರೆಯುವುದಕ್ಕಿಂತ ಹಾಡಿನ ನಡುನಡುವೆ ಚುಟುಕಾಗಿ ಮಾತು ಸೇರಿಸುವುದೇ ಅವರಿಗೆ ಇಷ್ಟ. 2012ರ ತ್ರಿವಳಿ ಆಲ್ಬಮ್ಮಿನ ಹೊತ್ತಿನಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಹಾಫ್’ ಎಂದು ಆಟೋ ಚಾಲಕರ ಮಾತನ್ನೇ ಹಾಡಾಗಿಸಿದರು. ಇಲ್ಲಿ ಬೆಂಗಳೂರು ಇದೆ, ಅದರ ನಗುವೂ ಇದೆ. ಆದರೆ ತಂಡದ ಬಹುಪಾಲು ಹಾಡುಗಳು ಇಂಗ್ಲಿಷಿನವು. ಹೀಗಾಗಿ ಆ ಆಟೋದ ಹಿಂದಿನ ಸೀಟಿನಲ್ಲಿ ಕೂತವರ ದನಿಯೇ ಹೆಚ್ಚು, ಚಾಲಕನದು ಕಡಿಮೆ.

2003ರಲ್ಲಿ ಇಲ್ಲಿಯೇ ಹುಟ್ಟಿದ ಅಗಂ ತಂಡವಂತೂ ಐಟಿ ಪಟ್ಟಿಯದೇ ಕೂಸು. ಸಾಫ್ಟ್‌ವೇರ್ ಕೆಲಸ ಮಾಡಿಕೊಂಡೇ ಸಂಗೀತ ಕಟ್ಟಿದವರು ಅವರು. ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ಚೌಕಟ್ಟಿಗೆ ತಂದರು. ಅಲ್ಲಿ ರಾಗದ ಗಮಕ ಹೆಚ್ಚಾಗಿ ಕಂಠಕ್ಕೆ, ಪಿಟೀಲಿಗೆ. ಗಿಟಾರಿನ ಪಾಲಿಗೆ ಬರುವುದು ತಾಳಕ್ಕೆ ಬೆನ್ನಾಗಿ ನಿಲ್ಲುವ ಕೆಲಸ. ನಮ್ಮ ಮೈಸೂರಿನ ವೀಣೆಗೂ ಮೆಟ್ಟಿಲುಗಳಿವೆ, ತಂತಿ ಎಳೆದೇ ಗಮಕ ತರುತ್ತದೆ. ಗಿಲ್ಮೋರ್ ಮಾಡುವುದೂ ಅದನ್ನೇ. ಆ ದಾರಿಯಲ್ಲಿ ಗಿಟಾರನ್ನು ಇನ್ನಷ್ಟು ದೂರ ಕರೆದೊಯ್ಯಬಹುದಿತ್ತು ಎಂಬ ಆಸೆ ನಮ್ಮಲ್ಲಿ ಉಳಿಯುತ್ತದೆ.

ಇವರೆಲ್ಲರ ನಡುವೆ ತಂತ್ರದಲ್ಲಿ ಅತ್ಯಂತ ಸರಳವಾದ ಗಿಟಾರ್ ರಘು ದೀಕ್ಷಿತರದು. ಏಕವಾದನದ ಕಸರತ್ತು ಅಲ್ಲಿಲ್ಲ, ಬರೀ ಲಯದ ಬಡಿತ. ಆದರೂ ನಾಡಿನ ಮೇಲೆ ಬಿದ್ದ ಅಚ್ಚು ದೊಡ್ಡದು. 2005ರಲ್ಲಿ ಇದೇ ಅರಮನೆ ಮೈದಾನದಲ್ಲಿ ನಾಫ್ಲರ್ ನುಡಿಸಿದರು, ಅದೇ ವರ್ಷ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಎಂದು ಹಾಡಿದರು. ಎರಡಕ್ಕೂ ಜನಸಾಗರ. ಆದರೆ ಎರಡೂ ಕಡೆ ಇದ್ದವರು ಎಷ್ಟು ಮಂದಿಯೋ! ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನೂ ಮಾಳಿಗೆ ಸೋರುವ ಪದವನ್ನೂ ಗಿಟಾರಿಗೆ ತಂದು ಆ ಎರಡು ಮೈದಾನಗಳ ನಡುವೆ ಬಾಗಿಲು ತೆರೆದರು. ಮುಸ್ಲಿಮನಾಗಿ ಹುಟ್ಟಿ, ಗೋವಿಂದ ಭಟ್ಟರ ಶಿಷ್ಯನಾಗಿ, ಹಳ್ಳಿಯ ಜನರ ನಾಲಗೆಯಲ್ಲಿ ಉಳಿದ ಆ ಸಂತ (1819-1889) ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸುಗಳಿಗೂ ಬಂದ. ಕನ್ನಡ ಓದಲು ಬಾರದ ಹುಡುಗರ ಬಾಯಲ್ಲೂ ಷರೀಫ. ಇದು ಕೊಡುಗೆಯಲ್ಲದೆ ಮತ್ತೇನು?

ಒಂದು ತಕರಾರು ಇದೆ. ಮಾಳಿಗೆ ಸೋರುವ ಪದದಲ್ಲಿ ಒಂದು ಎಚ್ಚರಿಕೆಯಿದೆ, ನೋವಿದೆ. ಗಿಟಾರಿನ ಉತ್ಸಾಹದ ಹೊಡೆತಕ್ಕೆ ಸಭೆ ಕುಣಿಯತೊಡಗಿದಾಗ ಆ ನೋವು ಚಪ್ಪಾಳೆಯಲ್ಲಿ ಕರಗಿಹೋಗುತ್ತದೆ. ಸೋರುವ ಮನೆಯಲ್ಲಿ ಇರುವವನಿಗೂ ಆ ಪದ ಕುಣಿತದ್ದೇ ಎಂದು ನಾವು ಕೇಳಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಪೀಣ್ಯಕ್ಕೇ ಮರಳಬೇಕು. 2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತನ್ನ ಕೊನೆಯ ಕಛೇರಿ ನೀಡಿದ್ದು ಬರ್ಮಿಂಗ್‌ಹ್ಯಾಮಿನಲ್ಲೇ, ತಾವು ಹುಟ್ಟಿಬೆಳೆದ ಕಾರ್ಮಿಕ ಬಡಾವಣೆಯ ಫುಟ್ಬಾಲ್ ಮೈದಾನದಲ್ಲಿ. ಮೆಟಾಲಿಕದಂಥ ತಂಡಗಳು ಅಲ್ಲಿಗೆ ಬಂದು ಗುರುಕಾಣಿಕೆ ಸಲ್ಲಿಸಿದವು. ಸಂಗೀತ ತಾನು ಹೊರಟ ಬೀದಿಗೆ ಹಿಂತಿರುಗಿತು. ನಮ್ಮಲ್ಲಿ ಅದು ಆ ಬೀದಿಯನ್ನು ಇನ್ನೂ ನೋಡಿಯೇ ಇಲ್ಲ. ವಿದೇಶಿ ತಾರೆಯರ ಕಛೇರಿಯ ಟಿಕೆಟಿನ ಬೆಲೆ ಕೇಳಿದರೇ ಸಾಕು, ಪ್ರೆಸ್ ಆಪರೇಟರ್ ಗೇಟಿನ ಹೊರಗೇ ಉಳಿಯುತ್ತಾನೆ. ಅವನಲ್ಲೂ ಅವನ ಮಕ್ಕಳಲ್ಲೂ ಒಂದು ಲಯವಿದೆ, ಹೇಳಬೇಕಾದ ಮಾತಿದೆ. ಅದಕ್ಕೆ ಗಿಟಾರೇ ಆಗಬೇಕೆಂದೇನೂ ಇಲ್ಲ.

ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಅಯೋಮಿಯ ರಿಫ್ಫನ್ನು ತಪ್ಪಿಲ್ಲದೆ ನುಡಿಸುವುದು ನಿಮಗೆ ಬಂದಿದೆ, ಸಂತೋಷ. ಒಂದು ಭಾನುವಾರ ಅದನ್ನು ಪೀಣ್ಯದ ಯಾವುದಾದರೂ ಮೈದಾನದಲ್ಲಿ, ಟಿಕೆಟ್ ಇಲ್ಲದೆ ನುಡಿಸಿ. ಅದು ಯಾರ ಬೆರಳಿನಿಂದ ಹುಟ್ಟಿತು ಎಂಬ ಕತೆಯನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ಹಿಂದಿಯಲ್ಲಿ ಹೇಳಿ. ಆಮೇಲೆ ಮೈಕನ್ನು ಅವರ ಕೈಗೆ ಕೊಟ್ಟು, ಅವರ ಹಾಡನ್ನೂ ಕೇಳಿ.